ಕೊಳದಲ್ಲಿ ಬಾಸ್ ಮೀನಿನ ಸಾಕಣೆ

ಕೊಳವೊಂದನ್ನು ತೋಡಿ, ನೀರು ತುಂಬಿ, ಇಷ್ಟವಾದ ಮೀನನ್ನು ತಂದು ಬಿಟ್ಟರೆ ಸಾಕಣೆ ಮುಗಿಯಿತೆಂದು ತಿಳಿಯಬಾರದು. ಆ ಮೀನು ಏನನ್ನು ತಿಂದು ಬದುಕುವುದೆಂಬುದೇ ಮೊದಲನೆಯ ಪ್ರಶ್ನೆ. ಉತ್ತರ ಅಮೆರಿಕದಲ್ಲಿ ಕೆಲವರು ಸ್ವಂತ ಕೊಳಗಳಲ್ಲಿ ಸಾಕುವ 'ಸ್ಮಾಲ್‌ಮೌತ್ ಬಾಸ್' ಎಂಬ ಮೀನಿನ ಉದಾಹರಣೆಯಿಂದ ಇದನ್ನು ವಿಚಾರಿಸೋಣ.

ಈ ಮೀನಿನ ತವರು ಆ ಖಂಡದ ಮಹಾಸರೋವರಗಳು ಹಾಗೂ ಸೇಂಟ್ ಲಾರೆನ್ಸ್, ಮಿಸಿಸಿಪಿ ನದಿಗಳ ಪ್ರದೇಶ. ತಿಳಿಯಾದ ತಂಪು ನೀರೂ ಕಲ್ಲುಜಲ್ಲಿಯ ತಳವೂ ಇದಕ್ಕೆ ಪ್ರಿಯ. ವಸಂತದ ಕೊನೆಗೆ ನೀರು ಸುಮಾರು 16 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಾದಾಗ ಗಂಡುಮೀನು ಬಾಲದಿಂದ ಜಲ್ಲಿಯನ್ನು ಗುಡಿಸಿ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಮೊಟ್ಟೆಮರಿಗಳನ್ನು ತಾನೇ ಕಾಯುತ್ತದೆ. ಕೆಸರು ಮುಸುಕಿದರೆ ಮೊಟ್ಟೆಗಳು ಸಾಯುತ್ತವೆ. ಆದುದರಿಂದ ಕೊಳದ ಅಂಚಿನಲ್ಲಿ ಜಲ್ಲಿ ಹಾಸಿರಬೇಕು.

ಬಾಸ್ ಬೇಟೆಯಾಡಿ ತಿನ್ನುವ ಮೀನು. ಸ್ಥೂಲವಾಗಿ ಹೇಳುವುದಾದರೆ, ಅದರ ತೂಕ 1 ಕಿಲೋ ಹೆಚ್ಚಲು 10 ಕಿಲೋ ಆಹಾರ ಬೇಕು. ಆದ್ದರಿಂದ ಬಲ್ಲವರು ಮೊದಲು 'ಫ್ಯಾಟ್‌ಹೆಡ್ ಮಿನ್ನೊ' ಎಂಬ ಬೆರಳುದ್ದದ ಮೀನನ್ನು ಬಿಡುತ್ತಾರೆ. ಇದು ಪಾಚಿಯನ್ನೂ ಸೂಕ್ಷ್ಮಜೀವಿಗಳನ್ನೂ ತಿಂದು, ಒಂದೇ ಬೇಸಿಗೆಯಲ್ಲಿ ಹಲವು ಸಲ ಮೊಟ್ಟೆಯಿಡುತ್ತದೆ. ಮುಳುಗಿದ ವಸ್ತುಗಳ ಅಡಿಮೈಗೆ ಮೊಟ್ಟೆಗಳನ್ನು ಅಂಟಿಸುವುದು ಇದರ ಸ್ವಭಾವ. ಅದಕ್ಕಾಗಿ ನೀರಿನಲ್ಲಿ ಹಲಗೆಗಳನ್ನು ಇರಿಸುವರು. ಕಲ್ಲುಸಂದಿಗಳಲ್ಲಿ ಅಡಗುವ, ಸೀಗಡಿಯನ್ನು ಹೋಲುವ ಕ್ರೇಫಿಶ್ ಕೂಡ ಬಾಸ್‌ಗೆ ಅಚ್ಚುಮೆಚ್ಚಿನ ಆಹಾರ. ಇವುಗಳ ಸಂತತಿ ಬೆಳೆದ ಬಳಿಕವೇ ಬಾಸ್ ಮರಿಗಳನ್ನು ಬಿಡತಕ್ಕದ್ದು. ಕ್ರಮ ತಪ್ಪಿದರೆ ತಾಯಿಮೀನುಗಳೇ ಮೊದಲು ತುತ್ತಾಗಿ, ಬಿತ್ತನೆಯ ಬೀಜವನ್ನೇ ಉಂಡಂತಾಗುವುದು.

ಮಳೆಗಾಲದಲ್ಲಿ ಬಾಸ್ ಹೊರಗೆ ಹರಿದುಹೋಗದಂತೆ ಕೊಳದ ಕೋಡಿಗೆ ಜಾಲರಿಯೂ ಅವಶ್ಯ. ಹೊರಗಿನ ನೀರಿನಲ್ಲಿ ಅದಕ್ಕಾಗಿ ಯಾರೂ ಆಹಾರ ಬೆಳೆಸಿಟ್ಟಿರುವುದಿಲ್ಲ; ಅಲ್ಲಿನ ಮೂಲ ಮೀನುಗಳೇ ಅದಕ್ಕೆ ಆಹಾರವಾಗುತ್ತವೆ. ಅಮೆರಿಕದ ಪಶ್ಚಿಮ ಭಾಗದ ಕೊಲೊರಾಡೊ ನದಿಗೆ ಬಾಸ್ ಪರಕೀಯ. ಆ ನದಿಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಜಲಾಶಯಕ್ಕೆ ಮನುಷ್ಯರೇ ಅದನ್ನು ತಂದು ಬಿಟ್ಟಿದ್ದರು. ನೀರಿನ ಮಟ್ಟ ಬಹಳವಾಗಿ ಇಳಿದ ತರುವಾಯ, 2022ರಲ್ಲಿ, ಅವು ಅಣೆಕಟ್ಟನ್ನು ಹಾದು ಕೆಳಗಿನ ನದಿಯಲ್ಲಿ ಮರಿಮಾಡಿದುದು ಕಂಡುಬಂದಿತು. ಅಲ್ಲಿ ಮಾತ್ರವೇ ಹೆಚ್ಚಾಗಿ ಉಳಿದಿರುವ 'ಹಂಪ್‌ಬ್ಯಾಕ್ ಚಬ್' ಎಂಬ ಅಪರೂಪದ ಮೀನಿಗೆ ಇದರಿಂದ ಅಪಾಯ ಒದಗಿದೆ.

ವಿದ್ಯಾರ್ಥಿಗಳೇ, ನಗರವಾಸಿಗಳಾದ ನಮಗೆ ಕೊಳವಿಲ್ಲದಿದ್ದರೂ ಹಲವರ ಮನೆಯಲ್ಲಿ ಗಾಜಿನ ತೊಟ್ಟಿಯ ಮೀನುಗಳುಂಟು. ಸಾಕಲಾರದೆ ಅವನ್ನು ಕೆರೆಗೆ ಬಿಡುವುದು ದಯೆಯೆಂದು ತೋರಬಹುದು. ದಕ್ಷಿಣ ಅಮೆರಿಕದ ಸಕ್ಕರ್ ಮೀನು ನಮ್ಮ ದೇಶದ ಕೆರೆಗಳನ್ನು ಸೇರಲು ಇಂತಹ ದಯೆಯೂ ಒಂದು ಕಾರಣ. ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಿರಿ, ಇಲ್ಲವೇ ಸಾಕಬಲ್ಲವರಿಗೆ ಕೊಡಿರಿ. ಕೆರೆಗೆ ಮಾತ್ರ ಬಿಡಬೇಡಿರಿ.