ಗಡಿನಾಡಿನ ಬೋಧಕರಾದ ಜಾನ್ ಮೇಸನ್ ಪೆಕ್ ಅಯ್ಯನವರು

ದೇವರ ವಾಕ್ಯವನ್ನು ಸಾರುವವನಿಗೆ ಪಾಠಶಾಲೆಯ ಗೊಡವೆ ಏತಕ್ಕೆ ಎಂದು ಕೇಳುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಈ ಪ್ರಶ್ನೆಗೆ ತಮ್ಮ ನಾಲ್ವತ್ತು ವರುಷಗಳ ದುಡಿಮೆಯಿಂದಲೇ ಉತ್ತರವಿತ್ತವರು ಅಮೇರಿಕಾದ ಬ್ಯಾಪ್ಟಿಸ್ಟ್ ಬೋಧಕರಾದ ಜಾನ್ ಮೇಸನ್ ಪೆಕ್ ಅಯ್ಯನವರು. ಆದುದರಿಂದ ಹೆಣ್ಣುಮಕ್ಕಳ ಶಾಲೆಯ ಈ ಸಂಚಿಕೆಯಲ್ಲಿ ಅವರ ಚರಿತ್ರೆಯನ್ನು ಅಭ್ಯಾಸಮಾಡುವುದು ಯುಕ್ತವಾಗಿದೆ.

ಇವರು 1789ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ಲಿಚ್‌ಫೀಲ್ಡಿನಲ್ಲಿ ಬೇಸಾಯಗಾರರ ಮನೆಯಲ್ಲಿ ಹುಟ್ಟಿದರು. 1809ರಲ್ಲಿ ಸಾರಾ ಪೇನ್ ಎಂಬಾಕೆಯನ್ನು ಮದುವೆಯಾದರು. ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ವಿಷಯದಲ್ಲಿ ಸಂಶಯ ಹುಟ್ಟಲು, ವಾಕ್ಯವನ್ನು ಶೋಧಿಸಿ 1811ರಲ್ಲಿ ಬ್ಯಾಪ್ಟಿಸ್ಟ್ ಸಭೆಯನ್ನು ಸೇರಿದರು. 1815ರಲ್ಲಿ ಲೂಥರ್ ರೈಸ್ ಎಂಬವರ ಪರಿಚಯವಾಯಿತು. ಈ ರೈಸರು 1812ರಲ್ಲಿ ಮಿಷನೆರಿಯಾಗಿ ಕಲ್ಕತ್ತೆಗೆ ಬಂದು, ಅಲ್ಲಿಯೇ ಬ್ಯಾಪ್ಟಿಸ್ಟರಾಗಿ, ಮಿಷನ್ ಕಾರ್ಯಕ್ಕೆ ಸಹಾಯ ಕೂಡಿಸಲು ಸ್ವದೇಶಕ್ಕೆ ಹಿಂದಿರುಗಿದವರು. ಅನಂತರ ಪೆಕ್ ಅಯ್ಯನವರು ಫಿಲಡೆಲ್ಫಿಯದಲ್ಲಿ ವಿಲಿಯಂ ಸ್ಟಾಟನ್ ಎಂಬವರ ಬಳಿ ಓದಿದರು. 1792ರಲ್ಲಿ ಕೇರಿಯವರ ಮಿಷನ್ ಸಂಘವು ಕೆಟರಿಂಗಿನಲ್ಲಿ ಹುಟ್ಟಿದಾಗ ಸ್ಟಾಟನರು ಅಲ್ಲಿ ಹಾಜರಿದ್ದರು. ಹೀಗೆ ನಮ್ಮ ದೇಶಕ್ಕೆ ಕೇರಿಯವರನ್ನು ಕಳುಹಿಸಿದ ಉತ್ಸಾಹವೇ ಪೆಕ್ ಅಯ್ಯನವರನ್ನೂ ಮುಟ್ಟಿತು.

ಆದರೆ ಅವರಿಗೆ ದೊರೆತ ಹೊಲವು ಸಮುದ್ರದಾಚೆಯದಲ್ಲ, ಸ್ವದೇಶದ ಪಶ್ಚಿಮದ ಗಡಿನಾಡು. 1817ರ ಜುಲೈಯಲ್ಲಿ ಹೆಂಡತಿಯನ್ನೂ ಮೂವರು ಮಕ್ಕಳನ್ನೂ ಕರಕೊಂಡು ಬಂಡಿಯಲ್ಲಿ ಹೊರಟು, ಕೊನೆಯ ದಾರಿಯನ್ನು ದೋಣಿಯಲ್ಲಿ ಕಳೆದು, ಡಿಸೆಂಬರು 1ರಂದು ಮಿಸಿಸಿಪ್ಪಿ ನದೀತೀರದ ಸೇಂಟ್ ಲೂಯಿ ಪಟ್ಟಣವನ್ನು ಮುಟ್ಟಿದರು. ಆಗ ಅವರು ರೋಗದಿಂದ ಬಳಲುತ್ತಿದ್ದರು. ಆದರೂ ಜೊತೆಗಾರರಾದ ಜೇಮ್ಸ್ ವೆಲ್ಚರೊಡನೆ ಮರುವರುಷವೇ ಅಲ್ಲಿ ಸಭೆಯನ್ನೂ ಶಾಲೆಯನ್ನೂ ಆರಂಭಿಸಿದರು.

ಕಠಿಣವಾದ ಪರೀಕ್ಷೆ 1820ರಲ್ಲಿ ಬಂದಿತು. ಅವರನ್ನು ಕಳುಹಿಸಿದ ಮಂಡಳಿಯು ಆ ಕಾರ್ಯವನ್ನು ನಿಲ್ಲಿಸಿ, ಫೋರ್ಟ್ ವೇನಿನಲ್ಲಿ ಮೂಲನಿವಾಸಿಗಳ ನಡುವೆ ದುಡಿಯುತ್ತಿದ್ದ ಐಸಾಕ್ ಮೆಕಾಯರನ್ನು ಸೇರಬೇಕೆಂದು ಹೇಳಿತು. ವೆಲ್ಚರು ಪೂರ್ವಕ್ಕೆ ಮರಳಿದರು. ಪೆಕ್ ಅಯ್ಯನವರಾದರೋ ಸಂಬಳವಿಲ್ಲದೆಯೇ ಅಲ್ಲಿ ನಿಂತರು. 1822ರಲ್ಲಿ ಮಸಾಚುಸೆಟ್ಸಿನ ಮಿಷನ್ ಸಂಘವು ವಾರಕ್ಕೆ 5 ಡಾಲರುಗಳಂತೆ ಸಹಾಯಕೊಡಲು ಒಪ್ಪಿತು. ಅದೇ ವರುಷ ಅವರು ಇಲಿನಾಯಿ ಸಂಸ್ಥಾನದ ರಾಕ್ ಸ್ಪ್ರಿಂಗಿನಲ್ಲಿ ಹೊಲಮನೆ ಮಾಡಿಕೊಂಡರು.

ಹೊರಗಿನವರಲ್ಲದೆ ಸ್ವಂತ ಪಂಗಡದವರೂ ಅವರನ್ನು ಎದುರಿಸಿದರು. ಸಂಬಳದ ಮಿಷನೆರಿಗಳೂ ಓದಿದ ಬೋಧಕರೂ ಬೇಡವೆಂದು ಡೇನಿಯಲ್ ಪಾರ್ಕರ್ ಮೊದಲಾದ ಬ್ಯಾಪ್ಟಿಸ್ಟರು ವಾದಿಸಿದರು. ಪೆಕ್ ಅಯ್ಯನವರು ಇದಕ್ಕೆ ಬಗ್ಗದೆ 1827ರಲ್ಲಿ ರಾಕ್ ಸ್ಪ್ರಿಂಗಿನಲ್ಲಿ ಸೆಮಿನರಿಯನ್ನೂ ಹೈಸ್ಕೂಲನ್ನೂ ತೆರೆದರು. ಅಲ್ಲಿ ಹುಡುಗರೊಡನೆ ಹುಡುಗಿಯರೂ ಓದಿದರು. ಆ ವಿದ್ಯಾಲಯವು ಮುಂದೆ ಆಲ್ಟನ್ ಪಟ್ಟಣಕ್ಕೆ ಹೋಗಿ, 10,000 ಡಾಲರು ದಾನಮಾಡಿದ ಬೆಂಜಮಿನ್ ಶರ್ಟ್ಲೆಫರ ಹೆಸರಿನಿಂದ ಶರ್ಟ್ಲೆಫ್ ಕಾಲೇಜಾಗಿ 1957ರ ವರೆಗೆ ನಡೆಯಿತು.

ಅವರು ಬಿತ್ತಿದ ಬೀಜದ ಇನ್ನೊಂದು ಫಲವನ್ನು ಮರೆಯಬಾರದು. ಮಿಸೌರಿಯಲ್ಲಿ ಆಗ ಗುಲಾಮಗಿರಿಯು ನಡೆಯುತ್ತಿತ್ತು. ಗುಲಾಮನಾಗಿ ಹುಟ್ಟಿ, ಕೈಕಸುಬಿನಿಂದ ಹಣ ಕೂಡಿಸಿ ತನ್ನ ಬಿಡುಗಡೆಯನ್ನು ಕೊಂಡುಕೊಂಡ ಜಾನ್ ಬೆರಿ ಮೀಚಮ್ ಎಂಬವರು ಸೇಂಟ್ ಲೂಯಿಯ ಕರಿಯ ಜನರ ಭಾನುವಾರದ ಶಾಲೆಯಲ್ಲಿ ಪೆಕ್ ಅಯ್ಯನವರಿಗೆ ನೆರವಾದರು. 1825ರಲ್ಲಿ ಪೆಕ್ ಅಯ್ಯನವರು ಅವರಿಗೆ ಬೋಧಕರಾಗಿ ಅಭಿಷೇಕಮಾಡಿದರು. 1847ರಲ್ಲಿ ಕರಿಯರಿಗೆ ಓದುಬರಹ ಕಲಿಸಕೂಡದೆಂದು ಮಿಸೌರಿ ಸರಕಾರವು ಕಾನೂನು ಮಾಡಿತು. ಮೀಚಮರು ತಮ್ಮ ಶಾಲೆಯನ್ನು ಆ ಕಾನೂನು ತಾಗದ ಮಿಸಿಸಿಪ್ಪಿ ನದಿಯ ಮೇಲೆ ಹೊಗೆಹಡಗಿನಲ್ಲಿ ನಡಿಸಿದರೆಂದು ಹೇಳುತ್ತಾರೆ. ಅಕ್ಷರಕ್ಕೆ ಎಂಥ ಬಲವಿದೆಯೆಂಬುದನ್ನು ಅದನ್ನು ತಡೆಯಲು ಕಾನೂನು ಮಾಡಿದವರೂ ಬಲ್ಲವರಾಗಿದ್ದರು.

ಪೆಕ್ ಅಯ್ಯನವರು ವಲಸೆಗಾರರಿಗೆ ಕೈಪಿಡಿಯನ್ನು ಬರೆದರು, ಪತ್ರಿಕೆ ನಡಿಸಿದರು, 1832ರಲ್ಲಿ ಅಮೇರಿಕನ್ ಬ್ಯಾಪ್ಟಿಸ್ಟ್ ಸ್ವದೇಶ ಮಿಷನ್ ಸಂಘವು ಸ್ಥಾಪಿತವಾಗಲು ಶ್ರಮಪಟ್ಟರು. 1852ರಲ್ಲಿ ರಾಕ್ ಸ್ಪ್ರಿಂಗಿನ ವಿದ್ಯಾಲಯದ ಕಟ್ಟಡವು ಬೆಂಕಿಗೆ ಆಹುತಿಯಾಗಿ, ಅವರು ಕೂಡಿಸಿಟ್ಟಿದ್ದ ಪುಸ್ತಕಗಳೂ ಕಾಗದಪತ್ರಗಳೂ ಬಹಳವಾಗಿ ನಾಶವಾದವು. 1858ರ ಮಾರ್ಚಿಯಲ್ಲಿ ರಾಕ್ ಸ್ಪ್ರಿಂಗಿನಲ್ಲಿಯೇ ತೀರಿಕೊಂಡರು.

ಓದಿದ ತಂಗಿಯರೇ, ಪೋಷಕರೇ, ಈ ಚರಿತ್ರೆಯಿಂದ ಮನೆಯಲ್ಲಿ ಕೂಡಿ ಆಲೋಚಿಸತಕ್ಕ ಮೂರು ಸಂಗತಿಗಳಿವೆ.

1. ಸಹಾಯ ನಿಂತಾಗಲೂ ಕೈಬಿಡಬಾರದ ಕೆಲಸವು ನಮ್ಮಲ್ಲಿ ಯಾವುದಿದೆ?

2. ವಿದ್ಯೆ ಬೇಡವೆನ್ನುವವರು ನಮ್ಮವರೇ ಆದರೆ ಅವರಿಗೆ ಹೇಗೆ ಉತ್ತರಕೊಡಬೇಕು?

3. ನಾವು ಕಲಿತ ಅಕ್ಷರವನ್ನು ಇನ್ನೂ ಕಲಿಯದ ಯಾರಿಗೆ ದಾಟಿಸಿದ್ದೇವೆ? ಮನೆಗೆಲಸದವಳ ಮಗಳು ನಮ್ಮ ಬಾಗಿಲಲ್ಲಿಯೇ ಕುಳಿತಿರಬಹುದು. ಮೊದಲು ಅವಳನ್ನು ಕರೆಯೋಣ.