ಬೆಕ್ಕಿನ ಹುಚ್ಚುರೋಗವನ್ನು ಗುರುತಿಸುವ ಬಗೆ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಶೇಂಗಾ ಚೀಲ ಪೇರಿಸಿಟ್ಟ ಮನೆಗೆ ಬೆಕ್ಕು ಬೇಕೇ ಬೇಕು. ಬ್ರಹ್ಮಗಿರಿ ಸುತ್ತಿನ ಹಳ್ಳಿ, ಹಟ್ಟಿಗಳಲ್ಲಿ ಅದು ಹಗಲೆಲ್ಲ ಮಕ್ಕಳ ಜೊತೆಗಿದ್ದು ರಾತ್ರಿ ಬಂಡೆಗಳ ನಡುವೆ ಅಲೆಯುತ್ತದೆ. ಅಲ್ಲಿ ಹುಚ್ಚುನಾಯಿ ಕಚ್ಚಿದರೆ ಮನೆಯವರಿಗೆ ಗೊತ್ತಾಗುವುದಿಲ್ಲ. ನಾಯಿ ಕಚ್ಚಿದಾಗ ಆಸ್ಪತ್ರೆಗೆ ಓಡುವವರೂ ಬೆಕ್ಕು ಕಚ್ಚಿದರೆ ಅರಿಶಿನ ಮೆತ್ತಿ ಸುಮ್ಮನಾಗುತ್ತಾರೆ. ಇದು ಪ್ರಾಣಕ್ಕೆ ಎರವಾಗುವ ಉದಾಸೀನ. ರೇಬೀಸ್ ಎಂಬ ಈ ರೋಗದ ಲಕ್ಷಣ ಮನುಷ್ಯನಲ್ಲಿ ಕಾಣಿಸಿಕೊಂಡ ಮೇಲೆ ಬದುಕುವುದು ತೀರ ಅಪರೂಪ.

ಗಾಯದಿಂದ ಒಳಹೊಕ್ಕ ವೈರಾಣು ನರಗಳ ಮೂಲಕ ಮಿದುಳನ್ನು ಸೇರಿ, ಅಲ್ಲಿಂದ ಜೊಲ್ಲಿಗೆ ಇಳಿಯುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಎರಡು ತಿಂಗಳು ಹಿಡಿಯುತ್ತದೆ. ಮೊದಲು ಕಾಣುವುದು ಸ್ವಭಾವದ ಬದಲಾವಣೆ. ಸಾಧು ಬೆಕ್ಕು ಕತ್ತಲ ಮೂಲೆ ಸೇರುತ್ತದೆ; ಕೂಗು ಕರ್ಕಶವಾಗುತ್ತದೆ; ಕಣ್ಣಿನ ಪಾಪೆ ಹಿಗ್ಗುತ್ತದೆ. ಬೆಕ್ಕುಗಳಲ್ಲಿ ರೌದ್ರ ರೂಪವೇ ಹೆಚ್ಚು. ಕೆಣಕದಿದ್ದರೂ ಮೈಮೇಲೆ ಹಾರಿ ಕಚ್ಚುತ್ತವೆ. ಮುಂದೆ ಹಿಂಗಾಲು ಸೋತು, ದವಡೆ ಜೋತು, ಜೊಲ್ಲು ಸುರಿದು ಕೆಲವೇ ದಿನಗಳಲ್ಲಿ ಸಾವು ಬರುತ್ತದೆ. ನೀರಿಗೆ ಹೆದರುವುದು ಮನುಷ್ಯನಲ್ಲಿ ಕಾಣುವ ಲಕ್ಷಣ. ಬೆಕ್ಕು ನೀರು ಕುಡಿಯಿತೆಂದು ಧೈರ್ಯ ತಾಳಬಾರದು.

ಜೊಲ್ಲು ಸುರಿಸುವ ಬೆಕ್ಕಿಗೆಲ್ಲ ಹುಚ್ಚು ಹಿಡಿದಿಲ್ಲ ಎಂಬುದೂ ನಿಜ. ಹೊಲಕ್ಕೆ ಹೊಡೆಯುವ ಕೆಲವು ಕೀಟನಾಶಕಗಳು ಹೊಟ್ಟೆ ಸೇರಿದರೆ ಗಂಟೆಗಳೊಳಗೆ ಜೊಲ್ಲು, ನಡುಕ ಬರುತ್ತವೆ. ಆಗ ಪಾಪೆ ಸಾಮಾನ್ಯವಾಗಿ ಕಿರಿದಾಗುತ್ತದೆ. ಹುಟ್ಟಿನಿಂದಲೇ ತೂರಾಡುತ್ತ ನಡೆದರೂ ಚೆನ್ನಾಗಿ ತಿನ್ನುವ ಮರಿಗೆ, ತಾಯಿಯ ಹೊಟ್ಟೆಯಲ್ಲಿದ್ದಾಗ ಪ್ಯಾನ್‌ಲ್ಯೂಕೋಪೀನಿಯಾ ವೈರಾಣು ತಗುಲಿರಬಹುದು. ಆ ತೂರಾಟ ದಿನೇ ದಿನೇ ಹೆಚ್ಚುವುದಿಲ್ಲ. ಬೆಕ್ಕಿನ ಕೊರೋನಾ ವೈರಾಣುವಿನ ಒಂದು ಬಗೆಯಲ್ಲಿ ಜ್ವರ, ಕೃಶತೆ, ಕಣ್ಣಿನ ಉರಿಯೂತದೊಡನೆ ಸೆಳೆತ ಬರುತ್ತದೆ. ಇವನ್ನು ಬೇರ್ಪಡಿಸುವುದು ಪಶುವೈದ್ಯರ ಕೆಲಸ. ಅದಕ್ಕಾಗಿ ಬೆಕ್ಕಿನ ಬಾಯೊಳಗೆ ಬೆರಳಿಡುವ ಸಾಹಸ ಬೇಡ.

ಬದುಕಿರುವ ಬೆಕ್ಕಿನಲ್ಲಿ ರೇಬೀಸನ್ನು ಖಚಿತಪಡಿಸಬಲ್ಲ ಭರವಸೆಯ ಪರೀಕ್ಷೆ ಇಲ್ಲ. ಇರುವ ದಾರಿ ಹತ್ತು ದಿನಗಳ ನಿಗಾ. ಕಚ್ಚಿದ ಬೆಕ್ಕನ್ನು ಭದ್ರವಾಗಿ ಕೂಡಿಹಾಕಿ ನೋಡಬೇಕು. ಹತ್ತು ದಿನ ಆರೋಗ್ಯವಾಗಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲವೆಂದು ತಿಳಿಯಬಹುದು. ಆದರೆ ಕಚ್ಚಿಸಿಕೊಂಡವರು ಆ ಹತ್ತು ದಿನ ಕಾಯಕೂಡದು. ಗಾಯವನ್ನು ಕೂಡಲೇ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಚುಚ್ಚುಮದ್ದು ಆರಂಭಿಸಬೇಕು. ರಕ್ತ ಬಂದಿದ್ದರೆ ಗಾಯದೊಳಗೆ ಇಮ್ಯುನೊಗ್ಲಾಬ್ಯುಲಿನ್ ಸಹ ಬೇಕು. ಬೆಕ್ಕು ಚೆನ್ನಾಗಿದ್ದರೆ ಮುಂದಿನ ಸೂಜಿಗಳನ್ನು ನಿಲ್ಲಿಸುವುದು ವೈದ್ಯರಿಗೆ ಬಿಟ್ಟದ್ದು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಹೆದರಿಕೆ ಇನ್ನೂ ಕೆಲವರನ್ನು ಆಸ್ಪತ್ರೆಯಿಂದ ದೂರವಿಟ್ಟಿದೆ. ಆ ಲಸಿಕೆಯ ಬಳಕೆ 2005ರ ಹೊತ್ತಿಗೇ ನಿಂತಿದೆ. ಈಗ ತೋಳಿಗೆ ಕೊಡುವ ನಾಲ್ಕೈದು ಭೇಟಿಯ ಚುಚ್ಚುಮದ್ದು ಸಾಕು.

ಬೆಕ್ಕು ಸತ್ತರೆ ರೋಗ ಪತ್ತೆಯಾಗುವುದು ಮಿದುಳಿನಿಂದ. ಆದ್ದರಿಂದ ಅದರ ತಲೆಗೆ ಹೊಡೆದು ಕೊಲ್ಲಬಾರದು, ಸತ್ತದ್ದನ್ನು ಅವಸರದಲ್ಲಿ ಹೂಳಲೂಬಾರದು. ಕಳೇಬರವನ್ನು ಬರಿಗೈಯಿಂದ ಮುಟ್ಟದೆ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆಯ ಮೇಲಿಟ್ಟು ಪಶು ಆಸ್ಪತ್ರೆಗೆ ತಿಳಿಸಬೇಕು. ತಲೆ ಬೇರ್ಪಡಿಸುವುದು ಪಶುವೈದ್ಯರ ಕೈಯಿಂದಲೇ ಆಗಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬೀಸ್ ಪ್ರಯೋಗಾಲಯವಿದೆ. ಅಲ್ಲಿ ಮಿದುಳಿನ ತುಣುಕಿಗೆ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ವೈರಾಣು ಇದ್ದಲ್ಲಿ ಹಸಿರಾಗಿ ಮಿನುಗುತ್ತದೆ. ಮಿದುಳು ಕೊಳೆತಿದ್ದರೆ ಫಲಿತಾಂಶವನ್ನು ನಂಬಲಾಗದು.

ಮನೆಯ ಬೆಕ್ಕಿಗೆ ಮೂರು ತಿಂಗಳು ತುಂಬಿದೊಡನೆ ಲಸಿಕೆ ಹಾಕಿಸಿ, ಮುಂದಿನ ಸೂಜಿಗಳ ದಿನಾಂಕವನ್ನು ಪಶುವೈದ್ಯರಿಂದ ಬರೆಸಿಕೊಳ್ಳಬೇಕು. ಕುರಿ ಕಾಯುವ ನಾಯಿಗಳಿಗೂ ಅದೇ ದಿನ ಹಾಕಿಸಿದರೆ ಒಂದು ಓಡಾಟ ಉಳಿಯುತ್ತದೆ.