ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು

ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಲು ಎಷ್ಟು ದುಡ್ಡು ಬೇಕು ಎಂದು ಕೇಳುವವರು ಬಹಳ. ಅದರ ಗೇರ್‌ಬಾಕ್ಸ್ ಒಮ್ಮೆ ಬಿಚ್ಚಿಸಲು ಎಷ್ಟು ಬೇಕು ಎಂದು ಮೊದಲೇ ವಿಚಾರಿಸಿದವರನ್ನು ನಾನು ಕಂಡಿದ್ದು ಕಡಿಮೆ. ಇಂಗ್ಲೆಂಡಿನಲ್ಲಿ ನೆಲೆ ನಿಂತ ಮೇಲೆ ನಾನು ಕೊಂಡದ್ದು 1973ರ ಎಂಜಿಬಿ ರೋಡ್‌ಸ್ಟರ್. 1962ರಿಂದ 1980ರವರೆಗೆ ಆಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದಿವೆ. ಹಾಗಾಗಿಯೇ ಅದರ ಬಿಡಿಭಾಗಗಳು ಇವತ್ತಿಗೂ ಸಿಗುತ್ತವೆ, ದರವೂ ಕೈಗೆಟಕುತ್ತದೆ. ತಿಂಗಳ ಸಂಬಳ ನಂಬಿದವರು ಹಳೆಯ ಕಾರಿಗೆ ಆಸೆಪಟ್ಟರೆ ನಾನು ಹೇಳುವುದು ಇಷ್ಟೇ: ಅಪರೂಪದ ಗಾಡಿಯ ಹಿಂದೆ ಬೀಳಬೇಡಿ, ಸಾವಿರಾರು ಜನ ಇಟ್ಟುಕೊಂಡಿರುವುದನ್ನು ಕೊಳ್ಳಿ.

ಗೇರ್‌ಬಾಕ್ಸ್ ಕೈಕೊಡುವ ಮುಂಚೆ ಸಾಮಾನ್ಯವಾಗಿ ಸದ್ದು ಮಾಡುತ್ತದೆ. ಆ ಸದ್ದು ಆಲಿಸಲು ಕಾಸು ಖರ್ಚಿಲ್ಲ. ನನ್ನ ಗಾಡಿ ಒಂದು, ಎರಡು, ಮೂರನೇ ಗೇರಿನಲ್ಲಿ ಗರಗರ ಎನ್ನುತ್ತಿತ್ತು. ನಾಲ್ಕಕ್ಕೆ ಹಾಕಿದ ಕೂಡಲೇ ಸದ್ದು ಅಡಗುತ್ತಿತ್ತು. ನಾಲ್ಕನೇ ಗೇರಿನಲ್ಲಿ ಎಂಜಿನ್ನಿನ ಬಲ ನೇರವಾಗಿ ಹಿಂದಕ್ಕೆ ಸಾಗುತ್ತದೆ. ಕೆಳಗಿರುವ ಲೇಶಾಫ್ಟ್ ಎಂಬ ಸಲಾಕೆಯ ಮೇಲೆ ಭಾರ ಬೀಳುವುದು ಉಳಿದ ಗೇರುಗಳಲ್ಲಿ. ಆದ್ದರಿಂದ ಅನುಮಾನ ಮೊದಲು ಹೋಗಬೇಕಾದದ್ದು ಲೇಶಾಫ್ಟಿನ ಕಡೆಗೆ. ಕ್ಲಚ್ ಪೂರ್ತಿ ಒತ್ತಿದ್ದರೂ ಎರಡನೇ ಗೇರಿಗೆ ಇಳಿಸುವಾಗ ಕರ್ರ್ ಎಂದರೆ, ಗೇರು ಸಲೀಸಾಗಿ ಕೂರುವಂತೆ ಮಾಡುವ ಸಿಂಕ್ರೊ ಉಂಗುರ ಸವೆದಿರಬಹುದು. ಇದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ ಅಂದಾಜು ಕೇಳಿ. ಮೆಕ್ಯಾನಿಕ್ ಹೇಳುವ ಮೊತ್ತ ನಿಜಕ್ಕೆ ಹತ್ತಿರವಿರುತ್ತದೆ.

ಇನ್ನು ಖರ್ಚಿನ ಮಾತು. ಎಂಜಿಬಿಯ ಗೇರ್‌ಬಾಕ್ಸನ್ನು ಅದೊಂದನ್ನೇ ಕೆಳಗಿನಿಂದ ಇಳಿಸಲು ಬರುವುದಿಲ್ಲ. ಬಾನೆಟ್, ರೇಡಿಯೇಟರ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲ ಕಳಚಿ, ಎಂಜಿನ್ ಸಮೇತ ಮೇಲಕ್ಕೆ ಎತ್ತಬೇಕು. ಎತ್ತಿ ಮತ್ತೆ ಕೂರಿಸಲು ನನಗೆ ಬಿದ್ದದ್ದು ಗಂಟೆಗೆ 65 ಪೌಂಡಿನಂತೆ 14 ಗಂಟೆಗೆ 910 ಪೌಂಡ್. ಗೇರ್‌ಬಾಕ್ಸ್ ಬಿಚ್ಚಿ ಹೊಸದಾಗಿ ಜೋಡಿಸಿದ್ದಕ್ಕೆ ಬಿಡಿಭಾಗ 380, ಕೂಲಿ 450. ಜೊತೆಗೆ ಕ್ಲಚ್ ಸೆಟ್ಟು, ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲು 145. ಒಟ್ಟು 1,885 ಪೌಂಡ್, ಅಂದರೆ ಎರಡು ಲಕ್ಷ ರೂಪಾಯಿಗೂ ಮೇಲೆ.

ಇದರಲ್ಲಿ ಹೆಚ್ಚುಕಡಿಮೆ ಅರ್ಧ ಹೋದದ್ದು ಎತ್ತಿ ಇಳಿಸುವುದಕ್ಕೇ. ಕ್ಲಚ್ ರಿಲೀಸ್ ಬೇರಿಂಗನ್ನು ನೋಡಿ: ಕಾರ್ಬನ್ ಉಂಗುರವಿರುವ ಅಂಗೈಯಗಲದ ವಸ್ತು, ಬೆಲೆ ತೀರಾ ಕಡಿಮೆ. ಅದೊಂದು ಸವೆದರೂ ಎಂಜಿನ್ ಎತ್ತಲೇಬೇಕು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಆದ್ದರಿಂದ ಗೇರ್‌ಬಾಕ್ಸ್ ಹೊರಗಿರುವಾಗ ಕ್ಲಚ್ ಇನ್ನೂ ಚೆನ್ನಾಗಿದೆ ಎಂದು ನೂರು ಪೌಂಡ್ ಉಳಿಸುವುದು ಉಳಿತಾಯವೇ ಅಲ್ಲ. ಎರಡು ವರ್ಷದ ನಂತರ ಅದೇ 910 ಪೌಂಡ್ ಮತ್ತೊಮ್ಮೆ ತೆರಬೇಕಾದೀತು. ಪೂರ್ತಿ ಮೊತ್ತ ಕೈಯಲ್ಲಿ ಸೇರುವವರೆಗೆ ಗಾಡಿಯನ್ನು ಷೆಡ್ಡಿನಲ್ಲಿ ನಿಲ್ಲಿಸಿ ಕಾಯುವುದೇ ಲೇಸು. ನಾನು ಮಾಡಿದ್ದೂ ಅದನ್ನೇ. ಗರಗರ ಎನ್ನುವ ಗೇರ್‌ಬಾಕ್ಸನ್ನು ಓಡಿಸುತ್ತ ಹೋದರೆ ಬಿಲ್ಲು ಬೆಳೆಯುತ್ತದೆ.

ಯಾಕೆ ಬೆಳೆಯುತ್ತದೆ ಎಂಬುದು ವರ್ಕ್‌ಶಾಪಿನ ಮೇಜಿನ ಮೇಲೆ ಕಣ್ಣಿಗೆ ಕಂಡಿತು. ಮೆಕ್ಯಾನಿಕ್ ಲೇಶಾಫ್ಟನ್ನು ಒರೆಸಿ ನನ್ನ ಕೈಗಿಟ್ಟರು. ಕಿರುಬೆರಳಿಗಿಂತ ತುಸು ದಪ್ಪದ ಉಕ್ಕಿನ ಸಲಾಕೆ. ನಡುವೆ ಕನ್ನಡಿಯಂಥ ನುಣುಪು. ಸೂಜಿ ಬೇರಿಂಗುಗಳು ಉರುಳುವ ತುದಿಯಲ್ಲಿ ಮಾತ್ರ ಮೇಲ್ಪದರ ಸಿಪ್ಪೆಯೆದ್ದು, ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಎದ್ದ ಆ ಚೂರುಗಳು ಎಣ್ಣೆಯಲ್ಲಿ ಸುತ್ತುತ್ತ ಮಿಕ್ಕ ಬೇರಿಂಗುಗಳನ್ನೂ ಹಾಳುಮಾಡುತ್ತವೆ. ನನ್ನ ಅದೃಷ್ಟಕ್ಕೆ ಹಲ್ಲುಗಳು ಗಟ್ಟಿಯಾಗಿದ್ದವು. ಅವು ಮುಕ್ಕಾಗಿದ್ದರೆ ಬಿಡಿಭಾಗದ ಲೆಕ್ಕ ಎಲ್ಲಿಗೋ ಮುಟ್ಟುತ್ತಿತ್ತು.

ಇಲ್ಲಿ ಇನ್ನೊಂದು ದಾರಿಯೂ ಇದೆ: ಹಳೆಯದನ್ನು ಕೊಟ್ಟು, ರಿಪೇರಿ ಮಾಡಿಟ್ಟ ಗೇರ್‌ಬಾಕ್ಸ್ ತರುವುದು. ನನಗೆ ಹೇಳಿದ ದರ 1,150 ಪೌಂಡ್, ಹಳೆಯದು ಒಪ್ಪಿಸುವವರೆಗೆ ಇನ್ನೂ 300 ಠೇವಣಿ. ವಾರಂಟಿ ಸಿಗುತ್ತದೆ, ಮೊತ್ತವೂ ಮೊದಲೇ ಖಚಿತ. ಬಿಚ್ಚಿ ಜೋಡಿಸಿದ್ದಕ್ಕೆ ನನಗೆ ಬಿದ್ದ 830ಕ್ಕಿಂತ ಇದು 320 ಪೌಂಡ್ ಹೆಚ್ಚು; ನಂಬಿಕಸ್ಥ ಮೆಕ್ಯಾನಿಕ್ ಇಲ್ಲದವರು ಅದನ್ನು ಕೊಡುವುದು ಜಾಣತನವೇ. ನನಗೆ ಅಂಥವರೊಬ್ಬರು ಸಿಕ್ಕಿದ್ದರು. ಒಳಗೆ ಏನೇನು ಬದಲಾಯಿತೆಂದು ಕಣ್ಣಾರೆ ನೋಡುವ ಆಸೆಯೂ ಇತ್ತು.

ಜೋಡಿಸಿದ ಮೇಲೆ ಅದನ್ನು ಕಾಯುವುದು ಅಗ್ಗ. ಸುಮಾರು ಮೂರೂವರೆ ಲೀಟರ್ ಎಣ್ಣೆ, ಗೇರ್‌ಬಾಕ್ಸಿಗೂ, ನನ್ನ ಗಾಡಿಯಲ್ಲಿ ಅದರ ಬೆನ್ನಿಗಿರುವ ಲೇಕಾಕ್ ಓವರ್‌ಡ್ರೈವ್ ಎಂಬ ಹೆಚ್ಚುವರಿ ಗೇರ್ ಘಟಕಕ್ಕೂ ಅದೊಂದೇ. ದುಬಾರಿಯದೆಲ್ಲ ಒಳ್ಳೆಯದೆಂದು ಕೈಗೆ ಸಿಕ್ಕ ಎಣ್ಣೆ ಸುರಿಯಬಾರದು. ಹಿಂಬದಿ ಆಕ್ಸಲ್‌ಗೆ ಹೇಳಿಮಾಡಿಸಿದ ಜಿಎಲ್-5 ಎಣ್ಣೆಗಳ ಗಂಧಕದ ಅಂಶ ಸಿಂಕ್ರೊ ಉಂಗುರದ ಹಿತ್ತಾಳೆಯನ್ನು ತಿನ್ನಬಹುದು. ಕಾರಿನ ಕೈಪಿಡಿ ಹೇಳಿದ್ದನ್ನೇ ಹಾಕಬೇಕು. ಎಣ್ಣೆ ಬದಲಿಸುವಾಗ ಓವರ್‌ಡ್ರೈವಿನ ತಳದ ಜರಡಿ ತೆಗೆದು ತೊಳೆಯಬೇಕು. ಅಲ್ಲಿ ಬೂದಿಯಂಥ ನಯವಾದ ಪುಡಿಯಿದ್ದರೆ ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ದುಡ್ಡು ಕೂಡಿಡಲು ಶುರುಮಾಡಿ. ಸಿಗ್ನಲ್‌ನಲ್ಲಿ ಕ್ಲಚ್ ತುಳಿದು ನಿಲ್ಲದೆ ನ್ಯೂಟ್ರಲ್‌ಗೆ ಹಾಕಿದರೆ ಆ ಕಾರ್ಬನ್ ಉಂಗುರದ ಆಯಸ್ಸು ಹೆಚ್ಚುತ್ತದೆ.

ಇಂಥ ಕಾರು ಹೂಡಿಕೆ ಎಂದು ಹೇಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬ್ರಿಟನ್ನಿನಲ್ಲಿ ಸ್ವಂತ ಕಾರು ಮಾರಿ ಬಂದ ಲಾಭಕ್ಕೆ ಬಂಡವಾಳ ಲಾಭ ತೆರಿಗೆ ಇಲ್ಲ, ನಿಜ. ಆದರೆ ನಷ್ಟವಾದರೆ ಅದನ್ನು ಬೇರೆ ಲಾಭದಲ್ಲಿ ಕಳೆಯಲೂ ಬರುವುದಿಲ್ಲ. ಹೀಗೆ ಹಾಕಿದ 1,885 ಪೌಂಡ್ ಮಾರುವಾಗ ಪೂರ್ತಿ ವಾಪಸಾಗುತ್ತದೆ ಎಂದು ನಾನು ಎಣಿಸಿಲ್ಲ. ಗಾಡಿ ಓಡಿಸುವ ಸುಖಕ್ಕೆ ಕೊಟ್ಟ ದುಡ್ಡು ಅದು, ಸಂತೋಷದಿಂದಲೇ ಕೊಟ್ಟೆ. 40 ವರ್ಷ ದಾಟಿದ ಕಾರುಗಳಿಗೆ ಇಲ್ಲಿ ವಾಹನ ತೆರಿಗೆ ವಿನಾಯಿತಿ ಇದೆ, ವರ್ಷದ ಎಂಒಟಿ ತಪಾಸಣೆಯೂ ಕಡ್ಡಾಯವಲ್ಲ. ಆದರೂ ನಾನು ತಪಾಸಣೆ ಮಾಡಿಸುತ್ತೇನೆ. ತೆರಿಗೆಯಲ್ಲಿ ಉಳಿತಾಯವಾದ ಹಣಕ್ಕೆ ಒಂದಷ್ಟು ಸೇರಿಸಿ ತಿಂಗಳಿಗೆ 60 ಪೌಂಡ್ ಬೇರೆ ಖಾತೆಗೆ ಹಾಕುತ್ತೇನೆ. ಮನೆಖರ್ಚಿನ ಖಾತೆಯಿಂದ ಕಾರಿಗೆ ಒಂದು ಪೆನ್ನಿಯೂ ಹೋಗದು. ಸದ್ಯ ಆ ದುಡ್ಡು ಹಿಂಬದಿ ಆಕ್ಸಲ್‌ಗೆ ಮೀಸಲು: ಕ್ಲಚ್ ಬಿಡುವಾಗ ಟಕ್ ಎನ್ನುತ್ತಿದೆ, ಡಿಫರೆನ್ಷಿಯಲ್ ಒಳಗಿನ ಥ್ರಸ್ಟ್ ವಾಷರ್ ಬದಲಿಸಬೇಕು. ಅದಕ್ಕೆ ಎಂಜಿನ್ ಮುಟ್ಟಬೇಕಿಲ್ಲ.